ಡರಮ್ ನಗರದ ಕಲ್ಲುಹಾದಿಯಲ್ಲಿ

ಮಗಳು ಮತ್ತು ಅಳಿಯ ಇಂಗ್ಲೆಂಡಿನ ಉತ್ತರ ಭಾಗದಲ್ಲಿರುವ ಡರಮ್ ಎಂಬ ಊರಿನಲ್ಲಿ ನೆಲೆಸಿ ಆರು ವರ್ಷಗಳು ಸಂದಿದ್ದವು. ಒಮ್ಮೆ ಬಂದು ಹೋಗಿರೆಂದು ಅವರು ಪ್ರತಿ ಬೇಸಿಗೆಯಲ್ಲಿಯೂ ಕರೆಯುತ್ತಿದ್ದರು. ಹೊಲದ ಕೆಲಸ, ನನ್ನ ಮೊಣಕಾಲಿನ ನೋವು, ನನ್ನ ಮನೆಯವರಿಗಿದ್ದ ಚಳಿಯ ಭಯ ಎಂದು ಏನಾದರೊಂದು ನೆವ ಹೇಳಿ ನಾವು ಮುಂದೂಡುತ್ತ ಬಂದಿದ್ದೆವು. ಕೊನೆಗೆ 2023ರ ಮೇ ತಿಂಗಳ ಕಡೆಯ ವಾರದಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿಗಳ ಗಂಟನ್ನು ಕಟ್ಟಿಕೊಂಡು ವಿಮಾನವೇರಿದೆವು. ಆ ಪ್ರವಾಸದ ವೃತ್ತಾಂತವನ್ನೆಲ್ಲ ಇಲ್ಲಿ ಬರೆಯಹೊರಟಿಲ್ಲ. ಲಂಡನ್ನಿನ ಅರಮನೆಯನ್ನೂ ಗಡಿಯಾರದ ಗೋಪುರವನ್ನೂ ಕಂಡು ಬಂದವರು ನಮ್ಮ ಸಮಾಜದಲ್ಲಿ ಈಗ ಬೇಕಾದಷ್ಟು ಮಂದಿ ಇದ್ದಾರೆ. ಆ ಚಿಕ್ಕ ಊರಿನಲ್ಲಿ ಒಬ್ಬ ಅಂಧ ತರುಣನೊಡನೆ ನಡೆದಾಡಿದ ಒಂದು ಸಂಜೆಯ ವಿಷಯವನ್ನಷ್ಟೆ ಓದುಗ ಬಂಧುಗಳ ಮುಂದಿಡಬೇಕೆಂಬುದು ನನ್ನ ಆಸೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲಿಯೇ ಇದೆ. ಅದನ್ನು ಮುಂದೆ ನಿವೇದಿಸಿಕೊಳ್ಳುವೆ.

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಡರಮ್‌ಗೆ ರೈಲಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ದಾರಿಯುದ್ದಕ್ಕೂ ಹಸಿರು ಹುಲ್ಲುಗಾವಲು, ಅಲ್ಲಲ್ಲಿ ಮೇಯುವ ಕುರಿಗಳು. ಊರು ಸಮೀಪಿಸುತ್ತಿದ್ದಂತೆ ರೈಲು ಎತ್ತರವಾದ ಕಲ್ಲುಕಮಾನುಗಳ ಸೇತುವೆಯನ್ನೇರುತ್ತದೆ. ಆಗ ಬಲಗಡೆಯ ಕಿಟಕಿಯಿಂದ ಗುಡ್ಡದ ನೆತ್ತಿಯ ಮೇಲೆ ನಿಂತ ಮಹಾದೇವಾಲಯವೊಂದು ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ವಿಯರ್ ಎಂಬ ನದಿ ಆ ಗುಡ್ಡವನ್ನು ಮೂರು ಕಡೆಗಳಿಂದ ಬಳಸಿ ಹರಿದಿದೆ. ಕ್ರೈಸ್ತರ ಈ ದೇವಾಲಯದ ಕಟ್ಟಡ ಆರಂಭವಾದದ್ದು 1093ರಲ್ಲಿ. ಸುಮಾರು ನಲವತ್ತು ವರ್ಷಗಳಲ್ಲಿ ಅದರ ಮುಖ್ಯ ಭಾಗ ಪೂರ್ಣಗೊಂಡಿತಂತೆ. ನಮ್ಮ ಕಡೆಯ ಇಟಗಿಯ ಮಹಾದೇವ ದೇವಾಲಯ 1112ರದು. ಅಂದರೆ ಅಲ್ಲಿ ಅವರ ಶಿಲ್ಪಿಗಳ ಉಳಿಯ ಸದ್ದು ಕೇಳುತ್ತಿದ್ದಾಗಲೇ ಇಲ್ಲಿ ನಮ್ಮ ಚಾಲುಕ್ಯ ಶಿಲ್ಪಿಗಳ ಉಳಿಯ ಸದ್ದೂ ಕೇಳುತ್ತಿತ್ತು ಎಂದೆಣಿಸಿ ನಾನು ಒಳಗೊಳಗೆ ಹಿಗ್ಗಿದೆ. ದೇವಾಲಯದ ಎದುರಿಗೆ ಹಳೆಯ ಕೋಟೆ. ಅದರ ಸುತ್ತ 1832ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ. ಕೋಟೆ ಮತ್ತು ದೇವಾಲಯಗಳೆರಡೂ 1986ರಿಂದ ವಿಶ್ವಪರಂಪರೆಯ ತಾಣಗಳ ಪಟ್ಟಿಯಲ್ಲಿವೆ. ಊರಿನ ಹಳೆಯ ಬೀದಿಗಳೆಲ್ಲ ಏರುಪೇರು, ಇಕ್ಕಟ್ಟು, ಗುಂಡುಗಲ್ಲಿನ ಹಾಸು. ನನ್ನ ಮೊಣಕಾಲಿಗೆ ಅದು ಹಿತವಾದ ಊರೇನೂ ಆಗಿರಲಿಲ್ಲ.

ಮಗಳ ಮನೆಯ ಪಕ್ಕದ ಮನೆಯಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗನಿದ್ದ. ಹುಟ್ಟಿನಿಂದಲೇ ಅವನಿಗೆ ದೃಷ್ಟಿಯಿಲ್ಲ. ನಾವು ಹೋದ ಮೂರನೆಯ ದಿನ ಅವನು ಉದ್ದನೆಯ ಬಿಳಿಕೋಲನ್ನು ಹಿಡಿದು ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬನೇ ಬೀದಿಗಿಳಿದು ಬರುವುದನ್ನು ಬಾಗಿಲಲ್ಲಿ ನಿಂತು ಕಂಡೆವು. ನನ್ನ ಶ್ರೀಮತಿಯ ಕರುಳು ಚುರುಕ್ಕೆಂದಿತು. ನಮ್ಮ ಹೆಣ್ಣುಮಕ್ಕಳು ಕನಿಕರದಿಂದ ಮಾಡುವಂತೆ ನಾಲಿಗೆಯಿಂದ "ಚ್ ಚ್ ಚ್" ಎಂದು ಲೊಚಗುಟ್ಟಿದಳು. ಹುಡುಗ ತಟ್ಟನೆ ನಿಂತ. ಸದ್ದು ಬಂದ ಕಡೆಗೆ ಮುಖ ತಿರುಗಿಸಿ, ಮುಗುಳ್ನಗುತ್ತ, ತಾನೂ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ "ಟಕ್" ಎಂದು ಒಂದು ಸದ್ದು ಮಾಡಿದ. ಅನಂತರ ನನ್ನ ಮಗಳನ್ನು ಕೇಳಿದ: "ನಿಮ್ಮ ತಾಯಿಯವರೂ ಹೀಗೆಯೇ ದಾರಿ ನೋಡುತ್ತಾರೆಯೆ?"

ನಮಗೇನೂ ಅರ್ಥವಾಗಲಿಲ್ಲ. ಮಗಳು ನಕ್ಕು ವಿವರಿಸಿದಳು. ಅವನು ಮಾಡಿದ ಆ ಸದ್ದು ಗೋಡೆ, ಗಿಡ, ಕಂಬ, ಮೋಟಾರುಗಳಿಗೆ ತಗುಲಿ ಹಿಂದಿರುಗುತ್ತದೆ. ಹಿಂದಿರುಗಿದ ಮಾರ್ದನಿಯನ್ನು ಕೇಳಿ, ಎದುರಿಗಿರುವುದು ಏನು, ಎಷ್ಟು ದೂರದಲ್ಲಿದೆ, ಯಾವ ಕಡೆಗಿದೆ ಎಂಬುದನ್ನು ಅವನು ತಿಳಿದುಕೊಳ್ಳುತ್ತಾನೆ. ಬಾವಲಿಗಳು ಕತ್ತಲಲ್ಲಿ ಹಾರುವ ಕ್ರಮವೂ ಇದೇ. ನನ್ನಾಕೆಯ ಕನಿಕರದ ಸದ್ದನ್ನು ಅವನು ತನ್ನ ವಿದ್ಯೆಯೆಂದೇ ಭಾವಿಸಿದ್ದ. ಮನೆಯವಳು ನಾಚಿ ಒಳಗೆ ಹೋದಳು.

ಮೂವತ್ತೆರಡು ವರ್ಷ ಶಾಲಾಮಾಸ್ತರಿಕೆ ಮಾಡಿದ ನನಗೆ ಕುತೂಹಲ ಬಿಡಲಿಲ್ಲ. ನಾನು ಗದಗಿನ ಸೀಮೆಯವನು. ಅಂಧರೆಂದೊಡನೆ ನಮ್ಮವರ ನೆನಪಿಗೆ ಬರುವುದು ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳು (1892-1944) ಮತ್ತು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914-2010) ಎಷ್ಟೋ ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತಗಳನ್ನಿತ್ತು ಬದುಕು ಕಟ್ಟಿಕೊಟ್ಟ ಪುಣ್ಯಭೂಮಿ ಅದು. ಆದ್ದರಿಂದ ಆ ಹುಡುಗನನ್ನು ಮಾತನಾಡಿಸಿದಾಗ ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ, "ನೀನು ಯಾವ ವಾದ್ಯ ನುಡಿಸುತ್ತಿ?" ಎಂಬುದು. ಅವನು ಗಟ್ಟಿಯಾಗಿ ನಕ್ಕ. ತನಗೆ ಹಾಡಲು ಬಾರದೆಂದೂ, ತಾನು ಹಾಡಿದರೆ ಮನೆಯ ನಾಯಿ ಎದ್ದು ಹೋಗುವುದೆಂದೂ, ತಾನು ಕಾನೂನು ಓದುತ್ತಿರುವೆನೆಂದೂ ಹೇಳಿದ. ಕುರುಡನಾದವನು ಹಾಡಲೇಬೇಕೆಂಬುದು ನನ್ನ ಮನಸ್ಸಿನಲ್ಲಿ ಅದೆಷ್ಟು ಗಟ್ಟಿಯಾಗಿ ಕುಳಿತಿತ್ತೆಂಬುದು ನನಗೆ ತಿಳಿದದ್ದು ಆಗಲೇ. ಮಾತಿನ ಕೊನೆಗೆ, "ಭಾನುವಾರ ಸಂಜೆ ನಿಮಗೆ ದೇವಾಲಯವನ್ನು ತೋರಿಸಿಕೊಂಡು ಬರುವೆ" ಎಂದ. ತೋರಿಸುವವನು ಅವನು, ನೋಡುವವನು ನಾನು!

ಭಾನುವಾರ ಮಗಳೂ ಜೊತೆಗೆ ಬಂದಳು. ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ನಾನೊಂದು ತಪ್ಪು ಮಾಡಿದೆ. ರಸ್ತೆ ದಾಟುವ ಸ್ಥಳ ಬಂದೊಡನೆ ಅವನ ತೋಳನ್ನು ಹಿಡಿದು ಎಳೆಯಹೋದೆ. ಅವನು ಸೌಮ್ಯವಾಗಿ ನನ್ನ ಕೈಯನ್ನು ಬಿಡಿಸಿಕೊಂಡ. ಕಣ್ಣಿದ್ದವರು ಅಂಧರಿಗೆ ದಾರಿ ತೋರುವಾಗ ಅವರನ್ನು ಹಿಡಿದು ಎಳೆಯಬಾರದು. ಮೊದಲು ಬೇಕೇ ಎಂದು ಕೇಳಬೇಕು, ಬೇಕೆಂದರೆ ತಮ್ಮ ಮೊಣಕೈಯನ್ನು ಹಿಡಿದುಕೊಳ್ಳಲು ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಬೇಕು ಎಂದು ತಿಳಿಸಿದ. ಬಳಿಕ ಅಲ್ಲಿದ್ದ ದೀಪದ ಗುಂಡಿಯ ಪೆಟ್ಟಿಗೆಯ ತಳಭಾಗವನ್ನು ಮುಟ್ಟಿ ನೋಡಿರೆಂದ. ಅಲ್ಲಿ ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಶಂಕುವಿನಾಕಾರದ ಗುಬಟು ಇತ್ತು. ಪಾದಚಾರಿಗಳಿಗೆ ಹಸಿರು ದೀಪ ಬಂದೊಡನೆ ಅದು ಬೆರಳಿನಡಿ ತಿರುತಿರುಗತೊಡಗಿತು. ಕಣ್ಣಿದ್ದವರಾರೂ ಅದನ್ನು ಗಮನಿಸುವುದಿಲ್ಲ. ಮಗಳಿಗೂ ಆರು ವರ್ಷಗಳಲ್ಲಿ ಅದು ತಿಳಿದಿರಲಿಲ್ಲ. ಕಾಲ ಕೆಳಗೆ ನೋಡಿದರೆ ಹಾಸುಗಲ್ಲುಗಳ ಮೇಲೆ ಬೊಬ್ಬೆಗಳಂತೆ ಉಬ್ಬಿದ ಸಾಲುಗಳು. ರಸ್ತೆಯ ಅಂಚು ಬಂದಿತೆಂದು ಅವು ಅಂಗಾಲಿಗೆ ಹೇಳುತ್ತವೆ. ಈ ಬಗೆಯ ಕಲ್ಲುಗಳನ್ನು ಯೋಚಿಸಿ ಮಾಡಿದವರು ಜಪಾನಿನ ಸೀಇಚಿ ಮಿಯಾಕೆ ಎಂಬ ಮಹನೀಯರು. 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯೊಂದರ ಬಳಿ ಅವುಗಳನ್ನು ಮೊದಲು ಹಾಸಿದರು. ನಮ್ಮ ದೇಶದ ಮೆಟ್ರೊ ರೈಲಿನ ನಿಲ್ದಾಣಗಳಲ್ಲಿ ಹಳದಿ ಬಣ್ಣದಲ್ಲಿ ಕಾಣುವುದೂ ಇದೇ.

ಫ್ರಾಮ್‌ವೆಲ್‌ಗೇಟ್ ಸೇತುವೆಯನ್ನು ದಾಟಿ ಸಿಲ್ವರ್ ಸ್ಟ್ರೀಟ್ ಎಂಬ ಇಕ್ಕಟ್ಟಾದ ಏರುಬೀದಿಯನ್ನು ಹತ್ತಿದೆವು. ಅವನ ಬಿಳಿಕೋಲು ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಬಲಗಾಲು ಮುಂದೆ ಬರುವಾಗ ಕೋಲಿನ ತುದಿ ಎಡಕ್ಕೆ, ಎಡಗಾಲು ಬರುವಾಗ ಬಲಕ್ಕೆ. ಮುಂದಿನ ಹೆಜ್ಜೆ ಎಲ್ಲಿ ಬೀಳಬೇಕೋ ಅಲ್ಲಿಗೆ ಕೋಲು ಮೊದಲೇ ಹೋಗಿ ನೋಡಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ವ್ಯಾಲಿ ಫೋರ್ಜ್ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ಎಂಬುವರು ರೂಪಿಸಿದ ಕ್ರಮವಿದು. ಇವೆಲ್ಲವನ್ನೂ ಅವನಿಗೆ ಕಲಿಸಿದವರು ಬಾಲ್ಯದಲ್ಲಿ ಮನೆಗೆ ಬರುತ್ತಿದ್ದ ಒಬ್ಬ ಶಿಕ್ಷಕಿ. ಓದು ಬರಹ ಕಲಿಸಲು ಬೇರೆ ಶಿಕ್ಷಕರು, ನಡೆದಾಡಲು ಕಲಿಸುವುದಕ್ಕೇ ಒಬ್ಬ ಶಿಕ್ಷಕಿ. ನಾಲಿಗೆಯ ವಿದ್ಯೆಯನ್ನು ಅವನು ಅನಂತರ ಅಭ್ಯಾಸ ಮಾಡಿದ.

ಬೀದಿಯ ಉದ್ದಕ್ಕೂ ಅವನು ನಾಲ್ಕಾರು ಹೆಜ್ಜೆಗೊಮ್ಮೆ "ಟಕ್" ಎನ್ನುತ್ತಿದ್ದ. ಜನಸಂದಣಿಯಲ್ಲಿ ಆ ಸದ್ದು ಇನ್ನೊಬ್ಬರ ಗಮನಕ್ಕೂ ಬರುವಂತಿರಲಿಲ್ಲ. "ಇಲ್ಲಿ ಗೋಡೆ ಮುಗಿದು ಅಂಗಡಿಯ ಬಾಗಿಲು ಒಳಕ್ಕೆ ಸರಿದಿದೆ", "ಇಲ್ಲೊಂದು ಕಂಬ", "ಎದುರಿಗೆ ನಿಂತಿರುವುದು ದೊಡ್ಡ ಬಂಡಿ" ಎಂದು ಹೇಳುತ್ತ ನಡೆದ. ಸ್ಯಾಡ್ಲರ್ ಸ್ಟ್ರೀಟಿನಿಂದ ಕವಲೊಡೆಯುವ ಓಣಿಗಳನ್ನು ಆ ಊರಿನವರು ವೆನೆಲ್ ಎನ್ನುತ್ತಾರೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಅಂಥ ಒಂದು ಓಣಿಯ ಬಾಯಲ್ಲಿ ನಿಂತು, "ಇಲ್ಲಿ ತಲೆಯ ಮೇಲೆ ಕಮಾನು ಇದೆ ಅಲ್ಲವೆ?" ಎಂದ. ಇತ್ತು. ನಾನು ಅದನ್ನು ನೋಡಿಯೇ ಇರಲಿಲ್ಲ! ಏರು ಮುಗಿದು ದೇವಾಲಯದ ಮುಂದಿನ ವಿಶಾಲವಾದ ಹುಲ್ಲುಹಾಸಿಗೆ ಬಂದಾಗ ಅವನು ಸದ್ದು ಮಾಡಿ ಸುಮ್ಮನೆ ನಿಂತ. "ಇಲ್ಲಿ ಸದ್ದು ಹಿಂದಿರುಗುವುದಿಲ್ಲ. ಬಯಲು" ಎಂದ. ಆ ಮಾತು ನನ್ನ ಮನಸ್ಸಿನಲ್ಲಿ ಬಹಳ ಹೊತ್ತು ನಿಂತಿತು.

ದೇವಾಲಯದ ಒಳಗೆ ಎರಡು ಸಾಲು ಕಂಬಗಳು. ಮೂರು ನಾಲ್ಕು ಜನ ಕೈಗೆ ಕೈ ಕೂಡಿಸಿ ನಿಂತರೆ ಮಾತ್ರ ಒಂದು ಕಂಬವನ್ನು ತಬ್ಬಬಹುದು. ಒಂದೊಂದರ ಮೈಮೇಲೆ ಅಂಕುಡೊಂಕಾದ ಗೆರೆ, ವಜ್ರಾಕೃತಿ, ತೋಡುಗಳ ಕೆತ್ತನೆ. ಹುಡುಗ ಅಲ್ಲಿ ಬಹು ಮೆಲ್ಲಗೆ ಒಂದೆರಡು ಬಾರಿ ಮಾತ್ರ ಸದ್ದು ಮಾಡಿದ. ಪೂಜಾಸ್ಥಾನವೆಂಬ ಗೌರವ ಒಂದು ಕಾರಣ. ಅಷ್ಟೆತ್ತರದ ಕಲ್ಲಿನ ಚಾವಣಿಯ ಕೆಳಗೆ ಸದ್ದು ಬಹಳ ಹೊತ್ತು ಸುಳಿದಾಡುವುದರಿಂದ ಮಾರ್ದನಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ ಎಂಬುದು ಇನ್ನೊಂದು. ಆದರೂ ನೇರವಾಗಿ ಕಂಬವೊಂದರ ಬಳಿಗೆ ಹೋಗಿ, ಮುಟ್ಟುವುದಕ್ಕೆ ಒಂದು ಮೊಳವಿರುವಾಗಲೇ ನಿಂತು, ಕೈಚಾಚಿ ಅದರ ತೋಡುಗಳಲ್ಲಿ ಬೆರಳಾಡಿಸಿದ. ಅನಂತರ ನನ್ನ ಕಣ್ಣು ಮುಚ್ಚಿಸಿ, ಬಾಯಿಂದ "ಶ್" ಎನ್ನುತ್ತ ನಿಧಾನವಾಗಿ ಮುಂದೆ ಬನ್ನಿರೆಂದ. ನಾಲ್ಕೈದು ಹೆಜ್ಜೆಗಳವರೆಗೆ ಏನೂ ಇಲ್ಲ. ಮತ್ತೆ ಎರಡು ಹೆಜ್ಜೆ ಇಡುವಷ್ಟರಲ್ಲಿ ನನ್ನದೇ "ಶ್" ಎಂಬ ಸದ್ದು ಬಣ್ಣ ಬದಲಾಯಿಸಿತು. ಯಾರೋ ಮುಖದ ಮುಂದೆ ಪರದೆ ಹಿಡಿದಂತಾಯಿತು. ನಿಂತು ಕಣ್ಣು ತೆರೆದೆ. ಕಂಬ ಗೇಣುದ್ದದ ಅಂತರದಲ್ಲಿತ್ತು.

ಇದಕ್ಕಾಗಿ ಡರಮ್‌ಗೆ ಹೋಗಬೇಕಾಗಿಲ್ಲ. ಓದುಗರು ಕಣ್ಣು ಮುಚ್ಚಿಕೊಂಡು "ಶ್" ಎಂದು ಎಡೆಬಿಡದೆ ಸದ್ದು ಮಾಡುತ್ತ, ಊಟದ ತಾಟನ್ನು ಮುಖದ ಮುಂದೆ ತಂದು, ದೂರ ಸರಿಸಿ, ಮತ್ತೆ ತಂದು ನೋಡಲಿ. ಮಕ್ಕಳಿಗೆ ಒಳ್ಳೆಯ ಆಟವಾದೀತು. ಕಲಿಯುವವರ ಮೊದಲ ಪಾಠವೂ ಇದೇ ಎಂದು ಹುಡುಗ ಹೇಳಿದ. ಮೊದಲು ತಾಟು ಇದೆಯೇ ಇಲ್ಲವೇ ಎಂಬುದು. ಬಳಿಕ ಎಡಕ್ಕೋ ಬಲಕ್ಕೋ. ಆಮೇಲೆ ದೊಡ್ಡದೋ ಚಿಕ್ಕದೋ. ಗೋಡೆಯ ಮಾರ್ದನಿ ಚೊಕ್ಕಟ, ಬೇಲಿಯದು ಮೆತ್ತಗೆ ಹರಡಿದ್ದು. ಬುಡದಲ್ಲಿ ಸಣ್ಣದಾಗಿದ್ದು ಮೇಲೆ ಹರಡಿದ್ದರೆ ಮರ. ಬುಡದಿಂದ ಎದೆಮಟ್ಟದವರೆಗೆ ಗಟ್ಟಿಯಾಗಿ ಬಂದರೆ ಮೋಟಾರು. ಹೀಗೆ ಪಾಠ ಬೀದಿಗೆ ಇಳಿಯುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುತ್ತದೆಂದು ನಾನೇ ಎಷ್ಟೋ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಒಂದು ಮೀಟರು ದೂರದ ಗೋಡೆಯಿಂದ ಸದ್ದು ಹೋಗಿ ಬರಲು ಸೆಕೆಂಡಿನ ಸಾವಿರದಲ್ಲಿ ಆರು ಭಾಗ ಸಾಕು ಎಂಬ ಲೆಕ್ಕವನ್ನು ಆ ಕಂಬದ ಎದುರಿಗೇ ಮೊದಲ ಬಾರಿ ಮಾಡಿದೆ.

ಅಲ್ಲಿಯ ಮರದ ಪೀಠದ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಿದ್ದಾಗ ಹುಡುಗ ಒಂದು ಮಾತು ಹೇಳಿದ. ಕಣ್ಣಿಲ್ಲದ ಎಷ್ಟೋ ಕೂಸುಗಳು ಯಾರೂ ಕಲಿಸದೆಯೇ ತಾವಾಗಿ ಹೀಗೆ ನಾಲಿಗೆಯಿಂದ ಸದ್ದು ಮಾಡತೊಡಗುತ್ತವಂತೆ. ಮನೆಯವರು, ಶಿಕ್ಷಕರು ಅದನ್ನು ಕೆಟ್ಟ ಚಾಳಿಯೆಂದು ಗದರಿಸಿ ಬಿಡಿಸುತ್ತಾರಂತೆ.

ನನಗೆ ಉಸಿರು ಸಿಕ್ಕಿಕೊಂಡಂತಾಯಿತು.

ನನ್ನ ತಮ್ಮನ ಮೊಮ್ಮಗಳು ಹುಟ್ಟುಕುರುಡಿ. 2009ರಲ್ಲಿ ಹುಟ್ಟಿದವಳು. ನಮ್ಮದು ಕೂಡುಕುಟುಂಬ, ಗದಗಿನ ಸಮೀಪದ ಹಳ್ಳಿಯಲ್ಲಿ ದೊಡ್ಡ ಪಡಸಾಲೆ, ಕಂಬದ ಅಂಗಳ, ಹಿತ್ತಲುಗಳ ಹಳೆಯ ಮನೆ. ನಾಲ್ಕೈದು ವರ್ಷದವಳಿದ್ದಾಗ ಆ ಮಗು ಅಂಗಳದಲ್ಲಿ ಸುತ್ತಾಡುತ್ತ ನಾಲಿಗೆಯಿಂದ ಟಕಟಕ ಸದ್ದು ಮಾಡುತ್ತಿತ್ತು. ಕಂಬಗಳಿಗೆ ಹಾಯದೆ ಸುತ್ತು ಹಾಕುತ್ತಿತ್ತು. ಒಮ್ಮೆ ನಾನು ಸದ್ದಿಲ್ಲದೆ ಪಡಸಾಲೆಯ ಬಾಗಿಲನ್ನು ತೆರೆದಾಗ ಅಂಗಳದಿಂದಲೇ, "ದೊಡ್ಡಜ್ಜಾ, ಬಾಗಲಾ ತಗದ್ರಿ?" ಎಂದು ಕೇಳಿತ್ತು. ದೇವರು ಕೊಟ್ಟ ಸೂಕ್ಷ್ಮವೆಂದು ಮೆಚ್ಚಿಕೊಂಡೆವೇ ಹೊರತು ಅದಕ್ಕೂ ಆ ಸದ್ದಿಗೂ ಸಂಬಂಧವಿದೆಯೆಂಬುದು ಯಾರಿಗೂ ಹೊಳೆಯಲಿಲ್ಲ. ಮನೆಗೆ ಬಂದವರೆದುರು ಹಾಗೆ ಸದ್ದು ಮಾಡುವುದು ಎಲ್ಲರಿಗೂ ಮುಜುಗರ. "ಹಲ್ಲಿ ಹಂಗ ಲೊಚಗುಟ್ಟಬ್ಯಾಡ, ಮನಿಗೆ ಛಲೋದಲ್ಲ" ಎಂದು ಅದರ ಅಜ್ಜಿ ಬಾಯಿ ಮುಚ್ಚಿಸುತ್ತಿದ್ದಳು. ಅಜ್ಜಿಯ ಮಾತಿಗೆ ಮಗು ಬಗ್ಗಲಿಲ್ಲ. ಬಿಡಿಸಿದವನು ನಾನು. ಶಾಲೆಯಲ್ಲಿ ಎಡಗೈ ಬರಹದ ಮಕ್ಕಳನ್ನು ಬಲಗೈಗೆ ತಿರುಗಿಸಿದ ಹಮ್ಮು ನನಗಿತ್ತು. ಸದ್ದು ಮಾಡಿದಾಗಲೆಲ್ಲ ತುಟಿಯ ಮೇಲೆ ಮೆಲ್ಲಗೊಂದು ಏಟು, ಮಾಡದ ದಿನ ಒಂದು ಬೆಲ್ಲದ ಚೂರು. ಎರಡು ತಿಂಗಳಲ್ಲಿ ಮಗು ಮೌನವಾಯಿತು.

ಆ ಮೇಲೆ ಅದರ ಕೈಯನ್ನು ಯಾರಾದರೊಬ್ಬರು ಹಿಡಿದೇ ಇರಬೇಕಾಯಿತು. ಬಚ್ಚಲಿಗೆ ಹೋಗಲೂ ಅವ್ವ ಬೇಕು. ಸಂಗೀತ ಕಲಿಸಿದೆವು, ಮಗುವಿಗೆ ಒಲಿಯಲಿಲ್ಲ. ನಮ್ಮ ಪ್ರೀತಿಯಲ್ಲಿ ಕೊರತೆಯಿತ್ತೆಂದು ಯಾರೂ ಹೇಳಲಾರರು. ಹದಿನಾಲ್ಕು ವರ್ಷದ ಹುಡುಗಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರೆ ಕರೆಯುವವರೆಗೆ ಏಳುತ್ತಿರಲಿಲ್ಲ. ಡರಮಿನ ಆ ಪೀಠದ ಮೇಲೆ ಕುಳಿತು ನಾನು ಇದನ್ನೆಲ್ಲ ಹುಡುಗನಿಗೆ ಹೇಳಲಿಲ್ಲ. ಮಗಳು ನನ್ನ ಮುಖ ನೋಡಿ ಎಲ್ಲವನ್ನೂ ತಿಳಿದಳು. ಮರಳುವಾಗ ನದಿಯ ದಡದ ಕಾಡುದಾರಿಯಲ್ಲಿ, ಮರಗಳ ಬೇರುಗಳು ಎದ್ದ ಇಳಿಜಾರಿನಲ್ಲಿ, ಹುಡುಗನೇ ತನ್ನ ಮೊಣಕೈಯನ್ನು ನನಗೆ ಕೊಟ್ಟ.

ಉಳಿದ ಆರು ವಾರಗಳಲ್ಲಿ ಬೇರೆ ಪ್ರೇಕ್ಷಣೀಯ ಸ್ಥಳಗಳ ಮೇಲಿನ ಆಸಕ್ತಿ ಇಳಿದುಹೋಯಿತು. ಮಗಳ ನೆರವಿನಿಂದ ಈ ವಿಷಯವಾಗಿ ಸಿಕ್ಕದ್ದನ್ನೆಲ್ಲ ಓದಿದೆ. ಫ್ರಾನ್ಸಿನ ದಿದರೊ ಎಂಬ ತತ್ತ್ವಜ್ಞ 1749ರಷ್ಟು ಹಿಂದೆಯೇ, ಎದುರಿಗಿರುವ ವಸ್ತುಗಳನ್ನು ಮುಟ್ಟದೆ ಅರಿಯುವ ಅಂಧನೊಬ್ಬನ ಬಗ್ಗೆ ಬರೆದಿದ್ದಾನೆ. ಮುಖದ ಚರ್ಮಕ್ಕೆ ಗಾಳಿ ತಾಗಿ ತಿಳಿಯುತ್ತದೆಂದು ಬಹುಕಾಲ ನಂಬಿದ್ದರು. 1944ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಮುಖಕ್ಕೆ ದಪ್ಪ ಮುಸುಕು ಹಾಕಿಸಿ ಒಮ್ಮೆ, ಕಿವಿಗಳನ್ನು ಮುಚ್ಚಿಸಿ ಒಮ್ಮೆ ಜನರನ್ನು ಗೋಡೆಯ ಕಡೆಗೆ ನಡೆಸಿ ನೋಡಿದರು. ಮುಸುಕಿದ್ದರೂ ನಿಂತರು, ಕಿವಿ ಮುಚ್ಚಿದಾಗ ಗೋಡೆಗೆ ಹಾಯ್ದರು. ಬಾವಲಿಗಳ ಈ ಶಕ್ತಿಗೆ ಡೊನಾಲ್ಡ್ ಗ್ರಿಫಿನ್ ಎಂಬ ವಿಜ್ಞಾನಿ 'ಇಕೋಲೊಕೇಶನ್' ಎಂಬ ಹೆಸರಿಟ್ಟದ್ದೂ ಅದೇ ವರ್ಷ. ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ವರ್ಷವೂ ಅದೇ ಎಂಬುದು ನನಗೆ ಹಾಗೆಯೇ ನೆನಪಾಯಿತು.

ಈ ವಿದ್ಯೆಯನ್ನು ತರುಣರಿಗೆ ಕಲಿಸುವ ಶಾಸ್ತ್ರವಾಗಿ ಮಾಡಿದವರಲ್ಲಿ ಕ್ಯಾಲಿಫೋರ್ನಿಯಾದ ಡೇನಿಯಲ್ ಕಿಶ್ ಪ್ರಮುಖರು. 1966ರಲ್ಲಿ ಹುಟ್ಟಿದ ಅವರಿಗೆ ಕಣ್ಣಿನ ಕ್ಯಾನ್ಸರ್. ಹದಿಮೂರು ತಿಂಗಳು ತುಂಬುವಷ್ಟರಲ್ಲಿ ಎರಡೂ ಕಣ್ಣುಗಳನ್ನು ವೈದ್ಯರು ತೆಗೆಯಬೇಕಾಯಿತು. ಕೂಸಾಗಿದ್ದಾಗಲೇ ನಾಲಿಗೆಯ ಸದ್ದು ಮಾಡತೊಡಗಿದರು. ತಾಯಿತಂದೆ ತಡೆಯಲಿಲ್ಲ. ಮರ ಹತ್ತಿದರು, ಸೈಕಲ್ ತುಳಿದರು, ಬಿದ್ದರು, ಮತ್ತೆ ಎದ್ದರು. 2000ದಲ್ಲಿ 'ವರ್ಲ್ಡ್ ಆ್ಯಕ್ಸೆಸ್ ಫಾರ್ ದಿ ಬ್ಲೈಂಡ್' ಎಂಬ ಸಂಸ್ಥೆಯನ್ನು ಸ್ಥಾಪಿಸಿ ಅನೇಕ ದೇಶಗಳ ಅಂಧ ಮಕ್ಕಳಿಗೆ ಕಲಿಸಿದ್ದಾರೆ. ಅವರ ಶಿಷ್ಯರು ಗುಡ್ಡದ ಹಾದಿಗಳಲ್ಲಿ ಸೈಕಲ್ ಓಡಿಸುತ್ತಾರೆ. ಅವರು ಹೇಳುತ್ತ ಬಂದಿರುವುದು ಒಂದೇ: ಅಂಧ ಮಗುವಿಗೆ ಸುತ್ತಲಿನವರ ಭಯವೇ ದೊಡ್ಡ ಅಡ್ಡಿ.

ಕೆನಡಾದ ಸಂಶೋಧಕರು 2011ರಲ್ಲಿ ಇಂಥ ಇಬ್ಬರು ಅಂಧರ ಮಿದುಳಿನ ಚಿತ್ರಣಗಳನ್ನು ತೆಗೆದಾಗ ಮಾರ್ದನಿಯನ್ನು ಕೇಳುವ ಹೊತ್ತಿನಲ್ಲಿ, ಕಣ್ಣಿದ್ದವರಲ್ಲಿ ನೋಟಕ್ಕೆ ಮೀಸಲಾದ ಭಾಗವೇ ಎಚ್ಚೆತ್ತದ್ದು ಕಂಡಿತು. ಆ ಸಂಶೋಧಕರಲ್ಲಿ ಒಬ್ಬರಾದ ಲೋರೆ ಥೇಲರ್ ಅವರು ಆ ಬಳಿಕ ಇದೇ ಡರಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯನ್ನು ಮುಂದುವರಿಸಿದರು. 2021ರಲ್ಲಿ ಪ್ರಕಟವಾದ ಅವರ ತಂಡದ ಪ್ರಯೋಗದಲ್ಲಿ 12 ಮಂದಿ ಅಂಧರು, 14 ಮಂದಿ ಕಣ್ಣಿದ್ದವರು ಹತ್ತು ವಾರಗಳಲ್ಲಿ 20 ಪಾಠಗಳನ್ನು ಕಲಿತರು. ಅವರ ವಯಸ್ಸು 21ರಿಂದ 79. ಮುದುಕರೆಂಬ ಕಾರಣಕ್ಕೆ ಯಾರೂ ಹಿಂದೆ ಬೀಳಲಿಲ್ಲ. ಮೂರು ತಿಂಗಳ ಬಳಿಕ ವಿಚಾರಿಸಿದಾಗ ಆ 12 ಅಂಧರೂ ತಮ್ಮ ನಡೆದಾಟ ಸುಧಾರಿಸಿದೆಯೆಂದರು. 10 ಮಂದಿ ಸ್ವಾವಲಂಬನೆ ಮತ್ತು ನೆಮ್ಮದಿ ಹೆಚ್ಚಿದೆಯೆಂದರು. ಎಪ್ಪತ್ತೊಂಬತ್ತರವರೂ ಕಲಿಯಬಲ್ಲರಾದರೆ ಹದಿನಾಲ್ಕರ ಹುಡುಗಿ ಕಲಿಯಲಾರಳೆ? ಆ ಲೆಕ್ಕವನ್ನು ಓದಿದ ರಾತ್ರಿ ನನಗೆ ನಿದ್ದೆ ಬಂತು.

ಇದನ್ನು ಪವಾಡವೆಂದು ಯಾರೂ ತಿಳಿಯಬಾರದು. ಕೆಳಕ್ಕಿಳಿಯುವ ಮೆಟ್ಟಿಲು, ತಗ್ಗು, ತೆಳುವಾದ ತಂತಿ ಮಾರ್ದನಿಗೆ ಸಿಗುವುದಿಲ್ಲ. ಜೋರು ಗಾಳಿ, ಗದ್ದಲಗಳಲ್ಲಿ ಕೇಳುವುದು ಕಷ್ಟ. ಆದ್ದರಿಂದ ಬಿಳಿಕೋಲು ಕೈಯಲ್ಲಿರಲೇಬೇಕು. ನಮ್ಮ ಊರುಗಳ ತೆರೆದ ಗಟಾರಗಳನ್ನು ನೆನೆದಾಗ ನನಗೆ ನಾಲಿಗೆಗಿಂತ ಕೋಲಿನ ಮೇಲೆಯೇ ಹೆಚ್ಚು ಭರವಸೆ ಬಂದಿತು. ಸದ್ದು ದೂರದ್ದನ್ನು ಹೇಳುತ್ತದೆ, ಕೋಲು ಕಾಲಬುಡದ್ದನ್ನು ಹೇಳುತ್ತದೆ ಎಂದು ಹುಡುಗ ಹೇಳಿದ್ದ.

ಶ್ರಾವಣದಲ್ಲಿ ಊರಿಗೆ ಮರಳಿದೆವು. ಎಲ್ಲರಿಗೂ ತಂದ ಉಡುಗೊರೆಗಳ ಹಂಚಿಕೆ ಮುಗಿದ ಮೇಲೆ ಮೊಮ್ಮಗಳ ಕೈಗೆ ಮಡಚುವ ಬಿಳಿಕೋಲನ್ನಿಟ್ಟೆ. ತಮ್ಮನ ಹೆಂಡತಿ ಕಣ್ಣೀರಿಟ್ಟಳು: "ಇಷ್ಟು ದಿನಾ ಊರ ಮಂದಿಗೆ ನಮ್ಮ ಕೂಸು ಕುರುಡಿ ಅಂತ ಕೋಲು ಹಿಡದು ತೋರಸ್ಲಿಲ್ರಿ, ಭಾವಾರ." ಅವಳ ಸಂಕಟ ಸುಳ್ಳಲ್ಲ, ಮದುವೆಯ ಮಾತು, ಬೀದಿಯ ಪೋಲಿಗಳು, ಟ್ರ್ಯಾಕ್ಟರು ಲಾರಿಗಳ ಹೆದರಿಕೆ ಎಲ್ಲವೂ ಅದರಲ್ಲಿದ್ದವು. ನಾನು ವಾದಿಸಲಿಲ್ಲ. ಎಲ್ಲರೆದುರಿಗೆ ಮಗುವಿನ ಬಳಿ ಕುಳಿತು, "ಚಿಕ್ಕಂದಿನಲ್ಲಿ ನೀನು ಮಾಡುತ್ತಿದ್ದ ಸದ್ದನ್ನು ಬಿಡಿಸಿದ್ದು ನನ್ನ ತಪ್ಪು" ಎಂದೆ. ಅವಳಿಗೆ ಅದು ನೆನಪಿರಬಹುದೆಂದು ನಾನೆಣಿಸಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಮತ್ತ ಮಾಡಿದ್ರ ಹೊಡ್ಯಾಂಗಿಲ್ಲ ಹೌದಿಲ್ಲೊ, ದೊಡ್ಡಜ್ಜಾ?" ಎಂದಳು.

ಮೊದಲ ತಿಂಗಳು ಬಾಗಿಲು ಹಾಕಿಕೊಂಡು ಹಿತ್ತಲಿನ ಕೋಣೆಯಲ್ಲಿ ತಾಟಿನ ಪಾಠ. ನಾಚಿಕೆಯಿಂದ ನಾಲಿಗೆಯೇ ಏಳುತ್ತಿರಲಿಲ್ಲ. ಅವಳ ತಮ್ಮ, ಒಂಬತ್ತರ ಪೋರ, ತಾನೂ ಕಣ್ಣು ಕಟ್ಟಿಕೊಂಡು ಟಕ್ ಟಕ್ ಎನ್ನುತ್ತ ಗೋಡೆಗೆ ಹಾಯ್ದು ಅವಳನ್ನು ನಗಿಸಿದ ಮೇಲೆ ಎಲ್ಲ ಸಲೀಸಾಯಿತು. ಕೋಲಿನ ಕ್ರಮವನ್ನು ನನ್ನಂಥವನು ಕಲಿಸಲಾಗದು. ಜಿಲ್ಲಾ ಸ್ಥಳದ ಅಂಧ ಮಕ್ಕಳ ಶಾಲೆಯ ಶಿಕ್ಷಕರೊಬ್ಬರನ್ನು ಹುಡುಕಿ ಕೈಮುಗಿದು ಕೇಳಿಕೊಂಡೆವು. ಅವರು ಭಾನುವಾರಗಳಂದು ಬಂದು ಕಲಿಸಿದರು. ನಾಲಿಗೆಯ ಸದ್ದಿನ ವಿಷಯ ಅವರಿಗೂ ಹೊಸದು. ಈಗ ಅವರೂ ಶಾಲೆಯಲ್ಲಿ ಕೂಸುಗಳನ್ನು ಗದರಿಸುವುದಿಲ್ಲವೆಂದು ಹೇಳಿದ್ದಾರೆ. ಎರಡು ಬಾರಿ ಬಿದ್ದಳು. ಒಮ್ಮೆ ಗಟಾರದ ಅಂಚಿನಲ್ಲಿ ಮೊಣಕಾಲು ತರಚಿತು. ಆ ದಿನ ಮನೆಯಲ್ಲಿ ಯಾರೂ ನನ್ನೊಡನೆ ಮಾತನಾಡಲಿಲ್ಲ.

2024ರ ಯುಗಾದಿಯ ಹಿಂದಿನ ದಿನ ಮನೆಯಲ್ಲಿ ಬೆಲ್ಲ ಸಾಲದೆ ಬಂತು. ಹೂರಣಕ್ಕೆ ಬೇಳೆ ಒಲೆಯ ಮೇಲಿತ್ತು. ಹುಡುಗಿ ತಾನೇ ಹೋಗಿ ತರುವೆನೆಂದು ಕೋಲು ಹಿಡಿದು ಹೊರಟಳು. ಕಿರಾಣಿ ಅಂಗಡಿ ನಮ್ಮ ಮನೆಯಿಂದ ನೂರೈವತ್ತು ಹೆಜ್ಜೆ. ನಡುವೆ ಒಂದು ತಿರುವು, ಒಂದು ಬೇವಿನ ಮರ, ಒಂದು ಗುಡಿಯ ಕಟ್ಟೆ. ಹಿಂದೆ ಯಾರೂ ಹೋಗಕೂಡದೆಂದು ನಾನು ಹೊಸ್ತಿಲಿಗೆ ಅಡ್ಡ ಕುಳಿತೆ. ಅಜ್ಜಿ ಮಾಳಿಗೆ ಹತ್ತಿ ನಿಂತಳು. ತಿರುವಿನಾಚೆ ಟಕ್ ಎಂಬ ಸದ್ದು ಎರಡು ಬಾರಿ ಕೇಳಿ ನಿಂತುಹೋಯಿತು. ನಾನು ಕೈಗಡಿಯಾರ ನೋಡುತ್ತ ಕುಳಿತೆ. ಹದಿನೇಳು ನಿಮಿಷ. ಬಂದವಳು ಬೆಲ್ಲದ ಪೊಟ್ಟಣವನ್ನೂ ಚಿಲ್ಲರೆಯನ್ನೂ ಅವ್ವನ ಕೈಗಿತ್ತು, ಕೋಲನ್ನು ಮಡಚುತ್ತ ಹೇಳಿದಳು:

"ದೊಡ್ಡಜ್ಜಾ, ಗೌಡರ ಹಿತ್ತಲ ಗ್ವಾಡಿ ಬಿದ್ದೈತಿ. ನಿಮಗ ಯಾರೂ ಹೇಳಿಲ್ಲೇನು?"